ಕೋವಿ ಮೇಷ್ಟ್ರು

ಬೇಟೆಯೆಂಬುದು ನಿಂತುಹೋದ ನಾಡಿನಲ್ಲಿ ಬೇಟೆಗಾರರೂ ಕ್ರಮೇಣ ನಾಮಾವಶೇಷರಾಗಬೇಕಾದದ್ದು ನ್ಯಾಯ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು, ಹುಲಿ ಹಂದಿ ಜಿಂಕೆಗಳೆಲ್ಲ ಸರ್ಕಾರದ ರಕ್ಷಣೆಗೆ ಒಳಪಟ್ಟ ಮೇಲೆ, ನಮ್ಮ ಕಡೆ ಬೇಟೆಯು ಕಾಡನ್ನು ಬಿಟ್ಟು ಹೋಟೆಲಿನ ಬೆಂಚಿನ ಮೇಲೆ ಬಂದು ಕುಳಿತಿತೇ ಹೊರತು ನಿರ್ಮೂಲವಾಗಲಿಲ್ಲ. ಕುಣಿಗಲ್ ತಾಲ್ಲೂಕಿನಲ್ಲಿ ಹೋಬಳಿಗೊಬ್ಬರಂತೆ ಇಂಥ ಮಹನೀಯರುಂಟು. ಇವರು ಹೊಡೆದ ಪ್ರಾಣಿ ಯಾವುದೆಂದು ಕೇಳುವುದು ಅವಿವೇಕ. ಯಾವ ಪ್ರಾಣಿಯನ್ನು ಎಷ್ಟು ಗಜ ದೂರದಿಂದ ಯಾವ ತೋಟಾ ಹಾಕಿ ಹೊಡೆಯಬಹುದಾಗಿತ್ತು ಎಂದು ಕೇಳತಕ್ಕದ್ದು. ಅಮೃತೂರಿನ ಪಾಲಿಗೆ ಬಂದವರು ಕೋವಿ ಮೇಷ್ಟ್ರು.

ಪ್ರೌಢಶಾಲೆಯಲ್ಲಿ ಗಣಿತ ಹೇಳಿ ನಿವೃತ್ತರಾದ ಇವರಿಗೆ ತಂದೆಯಿಂದ ಬಂದ ಆಸ್ತಿ ಎರಡು ಎಕರೆ ತೆಂಗು ಮತ್ತು 12 ಬೋರಿನ ಒಂದು ಜೋಡುನಳಿಕೆ ಕೋವಿ. ನಡುಮನೆಯ ಗೋಡೆಯಲ್ಲಿ ಎಡೆಯೂರು ಸಿದ್ಧಲಿಂಗೇಶ್ವರಸ್ವಾಮಿಯ ಪಟಕ್ಕೂ ತೀರ್ಥರೂಪರ ಭಾವಚಿತ್ರಕ್ಕೂ ನಡುವೆ ತೂಗಿರುವ ಈ ಆಯುಧವು ಅಲ್ಲಿಂದ ಕೆಳಗಿಳಿಯುವ ಸಂದರ್ಭಗಳು ಎರಡೇ: ಆಯುಧಪೂಜೆಯ ದಿನ ಕುಡುಗೋಲು, ಹಾರೆ, ಸ್ಕೂಟರುಗಳ ಪಂಕ್ತಿಯಲ್ಲಿ ವಿಭೂತಿ ಧರಿಸಿ ಚೆಂಡುಹೂವು ಮುಡಿಯುವುದು ಒಂದು, ಚುನಾವಣೆ ಘೋಷಣೆಯಾದೊಡನೆ ಪೊಲೀಸ್ ಠಾಣೆಯ ವಶಕ್ಕೆ ಹೋಗುವುದು ಇನ್ನೊಂದು. ಠಾಣೆಯವರು ಕೊಟ್ಟ ರಸೀದಿಯನ್ನು ಮೇಷ್ಟ್ರು ಪಂಚಾಂಗದೊಳಗಿಟ್ಟುಕೊಂಡು, ಮತ ಎಣಿಕೆ ಮುಗಿಯುವ ತನಕ ದಿನಕ್ಕೊಂದು ಸಲವಾದರೂ ತೆಗೆದು ನೋಡುವರು. ಜಮ್ಮಾ ಹಿಡುವಳಿಯ ಕೊಡಗಿನವರಿಗೆ ಕೋವಿಯ ಪರವಾನಗಿಯೇ ಬೇಡವೆಂಬ ವಿಷಯ ಆ ದಿನಗಳಲ್ಲಿ ಅವರನ್ನು ವಿಶೇಷವಾಗಿ ಬಾಧಿಸುತ್ತದೆ.

ಕೋವಿಯ ಸಂಗಡ ಐದು ‘ಶಕ್ತಿಮಾನ್’ ತೋಟಾಗಳೂ ಉಂಟು. ಅವುಗಳ ಹಿತ್ತಾಳೆಯ ಬುಡಕ್ಕೆ ಕಿಲುಬು ಹಿಡಿಯುವುದನ್ನು ಸಹಿಸಲಾರದೆ ಮೇಷ್ಟ್ರ ಮನೆಯವರು, ಶುಕ್ರವಾರ ದೇವರ ದೀಪಗಳನ್ನು ಬೆಳಗುವಾಗ, ಇವನ್ನೂ ಹುಣಸೆಹಣ್ಣು ಹಾಕಿ ತಿಕ್ಕಿ ಕಿಟಕಿಯ ಬಿಸಿಲಿಗೆ ಸಾಲಾಗಿ ನಿಲ್ಲಿಸಿಬಿಡುತ್ತಾರೆ. ಒಳಗಿನ ಮದ್ದು ತೇವ ಹಿಡಿದು ಈಡು ಹಾರದೆ ಹೋದೀತೆಂದು ಮೇಷ್ಟ್ರು ಒಮ್ಮೆ ಗದರಿಕೊಂಡಾಗ, “ತಿಕ್ಕದೇ ಇದ್ದಾಗ ಎಷ್ಟು ಹಾರಿದ್ವು?” ಎಂದು ಆಕೆ ಕೇಳಿದರೆಂದು ಪ್ರತೀತಿ.

ಇಂಥವರು 12 ಬೋರಿನ ವಿಚಾರವನ್ನಾದರೂ ಮಾತನಾಡುವರೇ ಎಂದರೆ, ಅದಿಲ್ಲ. ಚರೆ ತೋಟಾ ನಲವತ್ತು ಗಜದಾಚೆ ಚದುರಿ ಸತ್ವಹೀನವಾಗುವುದರಿಂದ ಅದು ಅವರ ದೃಷ್ಟಿಯಲ್ಲಿ ಕೊಕ್ಕರೆ ಬೆದರಿಸತಕ್ಕ ಸಾಧನವೇ ಹೊರತು ಶಾಸ್ತ್ರವಿಷಯವಲ್ಲ. ಅವರ ಪ್ರೀತಿಯೆಲ್ಲ ತಾವು ಒಮ್ಮೆಯೂ ಕೈಯಲ್ಲಿ ಹಿಡಿಯದ ರೈಫಲ್ಲುಗಳ ಮೇಲೆ. ಅದರಲ್ಲಿಯೂ ಐನೂರು ಗಜದಿಂದ ಮೇಲ್ಪಟ್ಟ ದೂರದ ಮೇಲೆ. ಆದರೆ ಗಜವೆಂದರೆ ನಮ್ಮ ಜನಕ್ಕೆ ಬಟ್ಟೆ ಅಂಗಡಿಯ ನೆನಪು ಮಾತ್ರ ಬರುವುದರಿಂದ, ಅವರು ಮೂವತ್ತು ಅಡಿಗೊಂದು ತೆಂಗಿನ ಗಿಡ ಎಂಬ ನಾಟಿಯ ಲೆಕ್ಕವನ್ನು ಹಿಡಿದು, ನೂರು ಗಜಕ್ಕೆ ಹತ್ತು ಗಿಡ, ಸಾವಿರ ಗಜಕ್ಕೆ ನೂರು ಗಿಡ ಎಂಬ ಮಾನವನ್ನು ಬಳಕೆಗೆ ತಂದಿದ್ದಾರೆ. ತೋಟದಲ್ಲಿ ಎಂಟನೆಯ ಗಿಡದಾಚೆ ನಿಂತ ಹಸುವೇ ಕಾಣಿಸದ ಊರಿನಲ್ಲಿ ನೂರನೆಯ ಗಿಡದ ಪ್ರಸ್ತಾಪವೇಕೆ ಎಂದು ಯಾರೂ ಕೇಳಿದವರಿಲ್ಲ. ಸಾವಿರ ಗಜ ನಿರಾತಂಕವಾಗಿ ಕಣ್ಣು ಹಾಯುವ ಸ್ಥಳ ನಮ್ಮ ಕಡೆ ಇದೆಯೆನ್ನುವುದಾದರೆ ಅದು ಮಾರ್ಕೋನಹಳ್ಳಿ ಜಲಾಶಯದ ನೀರಿನ ಮೇಲೆ. ಅಲ್ಲಿ ಸಿಕ್ಕತಕ್ಕದ್ದು ಮೀನು.

ಬಸ್ ನಿಲ್ದಾಣದ ಬಳಿಯ ಹೋಟೆಲಿನಲ್ಲಿ ಬೆಳಗಿನ ಎರಡನೆಯ ಕಾಫಿಯೊಡನೆ ಸಭೆ ಸೇರುತ್ತದೆ. ಪೂರ್ವಪಕ್ಷ ಹಿಡಿಯುವವರು ಇಬ್ಬರು: ಸೇನೆಯಿಂದ ನಿವೃತ್ತರಾಗಿ ಬಂದ ಹವಾಲ್ದಾರರು ಒಬ್ಬರು; ಬೆಂಗಳೂರಿನ ಕಂಪನಿಯಲ್ಲಿದ್ದು ಶನಿವಾರ ಊರಿಗೆ ಬರುವ ಮೇಷ್ಟ್ರ ಅಳಿಯ ಇನ್ನೊಬ್ಬ. ಹವಾಲ್ದಾರರಿಗೆ ಜಗತ್ತಿನಲ್ಲಿ ತೋಟಾ ಎಂದರೆ .303 ಒಂದೇ. ಅದು ಸೇನೆಯ ಬೋರಾದ್ದರಿಂದ ಜನಸಾಮಾನ್ಯರಿಗೆ ನಿಷಿದ್ಧ, ಆದಕಾರಣವೇ ಬ್ರಿಟಿಷರು ಇತ್ತ .315 ಬೋರನ್ನು ರೂಢಿಗೆ ತಂದರು, ಇಂದಿಗೂ ಇಷಾಪುರದ ಕಾರ್ಖಾನೆ ಮಾಡುವುದು ಅದನ್ನೇ ಎಂದು ಮೇಷ್ಟ್ರು ಕಾಯಿದೆಯ ಮಾತೆತ್ತಿ ಅವರನ್ನು ಮೊದಲ ಗುಟುಕಿಗೇ ಪಕ್ಕಕ್ಕೆ ಸರಿಸುತ್ತಾರೆ, ಉಳಿದ ತೋಟಾಗಳೆಲ್ಲ ತಮ್ಮ ಜೇಬಿನಲ್ಲಿಯೇ ಇರುವ ಹಾಗೆ. ಅಳಿಯನನ್ನು ಸರಿಸುವುದು ಅಷ್ಟು ಸುಲಭವಲ್ಲ. ಅವನದು 2007ರಲ್ಲಿ ಹುಟ್ಟಿದ 6.5 ಕ್ರೀಡ್‌ಮೂರ್, ಮೇಷ್ಟ್ರದು 1906ರ ಥರ್ಟಿ-ಆಟ್-ಸಿಕ್ಸ್. ಕ್ರೀಡ್‌ಮೂರಿನ ಗುಂಡು ಸಣ್ಣಗೆ ಉದ್ದವಾಗಿರುವುದರಿಂದ ಗಾಳಿಯನ್ನು ಸೀಳಿಕೊಂಡು ಹೋಗುತ್ತದೆ, ಅಡ್ಡಗಾಳಿಗೆ ಅಷ್ಟಾಗಿ ಸರಿಯುವುದಿಲ್ಲ, ಹೆಗಲಿಗೆ ಒದೆತವೂ ಕಡಿಮೆ ಎಂದು ಅಳಿಯ; ಹಗುರವಾದ ಗುಂಡು ಅಷ್ಟು ದೂರ ಹೋಗಿ ದೊಡ್ಡ ಪ್ರಾಣಿಗೆ ಏನು ಮಾಡೀತು, ತೂಕವೆಂಬುದೂ ಬೇಕಲ್ಲವೇ ಎಂದು ಮಾವ. ಹಾಗಾದರೆ ಅದೇ ತೂಕವನ್ನು ಸೆಕೆಂಡಿಗೆ 250 ಅಡಿಯಷ್ಟು ಹೆಚ್ಚು ವೇಗದಲ್ಲಿ ಒಯ್ಯುವ .300 ವಿಂಚೆಸ್ಟರ್ ಮ್ಯಾಗ್ನಮ್ ಆಗಬಹುದಲ್ಲ ಎಂದು ಅವನು ಪಟ್ಟು ಬದಲಿಸಿದರೆ, ಒಂದು ಹಂದಿಗೆ ಅಷ್ಟು ಮದ್ದು ಸುಡುವುದು ದುಂದುಗಾರಿಕೆ ಎಂದು ಮೇಷ್ಟ್ರು ಮಿತವ್ಯಯದ ಆಶ್ರಯ ಪಡೆಯುತ್ತಾರೆ.

ಒಂದು ದಿನ ಈ ತೂಕದ ಪ್ರಶ್ನೆಯೇ ದೊಡ್ಡದಾಯಿತು. ಗುಂಡು 180 ಗ್ರೇನ್, 140 ಗ್ರೇನ್ ಎಂದು ಮಾವ ಅಳಿಯಂದಿರು ಜಗ್ಗಾಡುತ್ತಿರುವಲ್ಲಿ, ಅಷ್ಟು ಹೊತ್ತೂ ಮೂಲೆಯಲ್ಲಿ ಇಡ್ಲಿ ತಿನ್ನುತ್ತಿದ್ದ ಚಿನ್ನದ ಕೆಲಸದ ಆಚಾರ್ರು ಕೈ ತೊಳೆದುಕೊಂಡು ಬಂದು, “180 ಗ್ರೇನ್ ಅಂದ್ರೆ ಒಂದು ತೊಲ ಕಣ್ರೀ ಮೇಷ್ಟ್ರೇ” ಎಂದರು. ಅದು ಯಥಾರ್ಥ. ಕಂಪನಿ ಸರ್ಕಾರ 1833ರಲ್ಲಿ ತೊಲವನ್ನು ನಿಗದಿ ಮಾಡಿದ್ದು 180 ಗ್ರೇನಿಗೆ. ಹಳೆಯ ಬೆಳ್ಳಿ ರೂಪಾಯಿಯ ತೂಕವೂ ಅಷ್ಟೇ. ಆಚಾರ್ರು ಒಳಜೇಬಿನ ಚೀಲದಿಂದ ಜಾರ್ಜ್ ದೊರೆಯ ಮುಖವಿದ್ದ ಒಂದು ರೂಪಾಯಿಯನ್ನು ತೆಗೆದು ಮೇಜಿನ ಮೇಲಿಟ್ಟರು. ಮೇಷ್ಟ್ರು ಅದನ್ನು ಅಂಗೈಯಲ್ಲಿ ತೂಗಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಇಷ್ಟು ವರ್ಷ ಉಪಾಸಿಸಿದ ದೇವತೆ ಕೈಗೆ ಸಿಕ್ಕಂತಾಗಿತ್ತು ಅವರಿಗೆ. ಅನಂತರ ಗಣಿತದ ಮೇಷ್ಟ್ರಾಗಿ ಎಚ್ಚೆತ್ತು, ಒಂದು ನಾಣ್ಯವನ್ನು ಮೇಜಿನಂಚಿನಿಂದ ಬೆರಳಿನಿಂದ ಚಿಮ್ಮಿಸಿ, ಇನ್ನೊಂದನ್ನು ಅದೇ ಕ್ಷಣಕ್ಕೆ ನೇರವಾಗಿ ಕೆಳಗೆ ಬಿಟ್ಟು, ಎರಡೂ ಒಟ್ಟಿಗೆ ನೆಲ ಮುಟ್ಟಿದ ಸದ್ದನ್ನು ಮಾಣಿಯ ಕಿವಿಗೂ ಹಾಕಿ, ಯಾವ ಗುಂಡೇ ಆಗಲಿ ಹೊರಟ ಗಳಿಗೆಯಿಂದಲೇ ಬೀಳತೊಡಗುತ್ತದೆಂದೂ, 200 ಗಜಕ್ಕೆ ಗುರಿ ಹೊಂದಿಸಿದ ಥರ್ಟಿ-ಆಟ್-ಸಿಕ್ಸಿನ ಒಂದು ತೊಲದ ಗುಂಡು 500 ಗಜ ತಲುಪುವ ವೇಳೆಗೆ ಮೂರು ಅಡಿಗೂ ಮಿಗಿಲಾಗಿ ಇಳಿದಿರುತ್ತದೆಂದೂ ವಿವರಿಸಿದರು. ಆ ಪಾಠವನ್ನು ಅವರಷ್ಟು ಚೆನ್ನಾಗಿ ಹೇಳಿದವರನ್ನು ನಾನು ಕಂಡಿಲ್ಲ. ಚಿಮ್ಮಿದ ನಾಣ್ಯ ಆಚಾರ್ರದೇ ಆಗಿದ್ದು, ಹಿಟ್ಟು ರುಬ್ಬುವ ಯಂತ್ರದ ಕೆಳಗೆ ಉರುಳಿಹೋದದ್ದರಿಂದ ಸಭೆಯನ್ನು ಅಲ್ಲಿಗೇ ಬರಖಾಸ್ತು ಮಾಡಬೇಕಾಯಿತು.

ಮೇಷ್ಟ್ರ ಸಿದ್ಧಾಂತಕ್ಕೆ ತೊಡಕಾಗಿರುವುದು ಪೂರ್ವಾಚಾರ್ಯರ ನಡತೆ. ಕೆನೆತ್ ಆಂಡರ್ಸನ್ನರು ನಮ್ಮ ತುಮಕೂರಿನ ದೇವರಾಯನದುರ್ಗದವರೆಗೂ ಬಂದು ಅಲ್ಲಿನ ಹುಲಿಯ ಕಥೆ ಬರೆದವರು, ಅವರ ಕೈಯಲ್ಲಿದ್ದದ್ದು .405 ವಿಂಚೆಸ್ಟರ್, ದಪ್ಪ ಗುಂಡು, ಹತ್ತಿರದ ಕೆಲಸ. ಕಾರ್ಬೆಟ್ಟರು ರಿಗ್ಬಿಯ .275 ಹಿಡಿದು ನರಭಕ್ಷಕಗಳ ಹಿಂದೆ ನಡೆದದ್ದೂ ಅಷ್ಟು ಗಿಡ, ಇಷ್ಟು ಗಿಡ ಎಂದು ಎಣಿಸುವ ದೂರದಲ್ಲಲ್ಲ. ಇದನ್ನು ಎತ್ತಿದರೆ ಮೇಷ್ಟ್ರು ನೊಂದುಕೊಂಡು, “ಅವರಿಗೆ ಒಳ್ಳೆ ದುರ್ಬೀನು ಸಿಗಲಿಲ್ಲ, ಪಾಪ” ಎನ್ನುವರು. ನಿಜಕ್ಕೂ ಹೊಡೆಯುವವರು ನಮ್ಮಲ್ಲಿ ಇಲ್ಲವೆಂದಲ್ಲ. ಕಳ್ಳತನದಲ್ಲಿ ಕೇಪಿನ ಕೋವಿಗೆ ಮದ್ದು ಜಡಿದು ಅಮಾವಾಸ್ಯೆಯ ಆಸುಪಾಸು ಹೊರಡುವವರು ಇರಬಹುದು. ಅವರು ಈ ಬೆಂಚಿನ ಹತ್ತಿರ ಸುಳಿಯುವುದಿಲ್ಲ, ಗ್ರೇನು ಗಜಗಳ ಗೊಡವೆಯೂ ಅವರಿಗಿಲ್ಲ. ಆ ಮೌನಕ್ಕಿಂತ ಮೇಷ್ಟ್ರ ವಾಚಾಳಿತ್ವ ಸಾವಿರ ಪಾಲು ಮೇಲೆಂಬುದು ನನ್ನ ಅಭಿಪ್ರಾಯ. ಹಂದಿಗಳ ಅಭಿಪ್ರಾಯವೂ ಅದೇ ಇದ್ದೀತು.

ಕಾರ್ತಿಕದಲ್ಲಿ ರಾಗಿ ತೆನೆ ಕಟ್ಟಿದಾಗ ರೈತನೊಬ್ಬ, ರಾತ್ರಿಯೆಲ್ಲ ಅಟ್ಟಣೆಯ ಮೇಲೆ ಡಬ್ಬ ಬಡಿದು ಕೆಂಗಣ್ಣಾಗಿ ಬಂದವನು, ಕಾಫಿಗೆ ಕಾದುಕೊಂಡು ಈ ವಾದವನ್ನೆಲ್ಲ ಕೇಳಿ, “ಅಲ್ಲ ಮೇಷ್ಟ್ರೇ, ಐನೂರು ಗಜಕ್ಕೆ ಗುಂಡು ಹೋಗಾಕೆ ಎಷ್ಟೊತ್ತಾಯ್ತದೆ?” ಎಂದ. ಅರ್ಧ ಸೆಕೆಂಡಿಗಿಂತ ಹೆಚ್ಚೇ ಎಂದರು ಮೇಷ್ಟ್ರು. “ಅಷ್ಟೊತ್ತಿಗೆ ಹಂದಿ ಪಕ್ಕದ್ ಸಾಲಿಗೆ ಹೋಗಿರ್ತದಲ್ಲ?” ಹಂದಿ ನಿಂತಿದೆಯೆಂದು ಭಾವಿಸಿಕೊಳ್ಳಬೇಕು ಎಂದು ಮೇಷ್ಟ್ರು ಉತ್ತರ ಕೊಟ್ಟರು. ರೈತನಿಗೆ ಇದು ಒಪ್ಪಿತವಾದಂತೆ ತೋರಲಿಲ್ಲ.

ಭಾವಿಸಿಕೊಳ್ಳುವ ಶ್ರಮವನ್ನು ತಪ್ಪಿಸಲೋ ಎಂಬಂತೆ ಅದೇ ವಾರ ಹಂದಿಯೊಂದು ಮೇಷ್ಟ್ರ ಹಿತ್ತಲಿನ ಗೆಣಸಿನ ಮಡಿಗೇ ಬಂದಿತು. ಮೇಷ್ಟ್ರು ಎದ್ದರು, ಬ್ಯಾಟರಿ ಹಾಕಿದರು, ಗೋಡೆಯ ಕೋವಿಯನ್ನೂ ಒಮ್ಮೆ ನೋಡಿದರು, ಕಾಯಿದೆಯನ್ನು ನೆನೆದರು. ಬಳಿಕ ಅಡುಗೆಮನೆಗೆ ಹೋಗಿ ದೊಡ್ಡ ತಟ್ಟೆಯೊಂದನ್ನು ತಂದು ಸೌಟಿನಿಂದ ಬೀದಿಯೆಲ್ಲ ಏಳುವಂತೆ ಬಾರಿಸಿದರು. ಹಂದಿ ಓಡಿತು. ಬೆಳಿಗ್ಗೆ ಹೋಟೆಲಿನಲ್ಲಿ ಅವರು ಪ್ರಸಂಗವನ್ನು ವರ್ಣಿಸುತ್ತ, ದೂರ ಕೇವಲ ನಾಲ್ಕು ಗಿಡವೆಂದೂ, ಗಾಳಿ ನಗಣ್ಯವೆಂದೂ, 1912ರ .375 ಹಾಲೆಂಡ್ ಅಂಡ್ ಹಾಲೆಂಡ್ ಅಲ್ಲಿಗೆ ಅತಿಯಾಗುತ್ತಿತ್ತೆಂದೂ, .315 ಸಾಕಾಗುತ್ತಿತ್ತೆಂದೂ ನಿರ್ಣಯಿಸುತ್ತಿದ್ದಾಗ, ಬಹುದಿನದ ಸೇಡು ಇಟ್ಟುಕೊಂಡಿದ್ದ ಹವಾಲ್ದಾರರು, “ತಟ್ಟೆ ಎಷ್ಟು ಗ್ರೇನು ಮೇಷ್ಟ್ರೇ?” ಎಂದರು.

ಮೇಷ್ಟ್ರು ಆಚಾರ್ರ ಕಡೆ ತಿರುಗಿದರು. “ಸ್ಟೀಲಾದರೆ ನನ್ನನ್ನ ಕೇಳ್ಬೇಡಿ,” ಎಂದರು ಆಚಾರ್ರು, “ಮೊದಲು ನನ್ನ ರೂಪಾಯಿ ಹುಡುಕಿಸಿಕೊಡಿ.”