ಷಟರು ಸಾಹುಕಾರರು

ಮನುಷ್ಯನ ಘನತೆಯನ್ನು ಅಳೆಯುವುದಕ್ಕೆ ಕೆಲವರು ಅವನ ವಿದ್ಯೆಯನ್ನೂ ಕೆಲವರು ಅವನ ವಿತ್ತವನ್ನೂ ಮಾನದಂಡವಾಗಿ ಹಿಡಿಯುವುದುಂಟು. ಆದರೆ ಲಾರಿಗಳ ಗ್ಯಾರೇಜನ್ನೋ ಮೆಕ್ಕೆಜೋಳದ ಗೋದಾಮನ್ನೋ ಇಟ್ಟುಕೊಂಡು, ನಾಲ್ಕು ಕಾಸು ಕೂಡಿದೊಡನೆ ಹಳೆಯ ತಗಡಿನ ಬಾಗಿಲನ್ನು ಕಿತ್ತೊಗೆದು, ಅದರ ಸ್ಥಾನದಲ್ಲಿ ಷಟರೆಂದು ಜನ ಕರೆಯುವ ಕಬ್ಬಿಣದ ಸುರುಳಿ ಬಾಗಿಲನ್ನು ಪ್ರತಿಷ್ಠಾಪಿಸಲು ಹೊರಡುವ ನಮ್ಮ ಸಾಹುಕಾರರ ದೃಷ್ಟಿಯಲ್ಲಿ ಇವೆರಡೂ ಗೌಣವಾದುವು. ಬೆಳಗ್ಗೆ ತಮ್ಮ ಬಾಗಿಲು ಘರ್ಜಿಸುತ್ತ ಮೇಲೇರುವಾಗ ಎದುರಿನ ಹೋಟೆಲಿನಲ್ಲಿ ಬೆಣ್ಣೆದೋಸೆಗೆ ಕೈಯಿಕ್ಕಿದವರು ತಟ್ಟೆಯಿಂದ ತಲೆಯೆತ್ತಿ ನೋಡಿದರೆಂದರೆ ಅವರ ಜನ್ಮ ಸಾರ್ಥಕ.

ಈ ಮಹನೀಯರು ಹುಬ್ಬಳ್ಳಿಯಲ್ಲಿಯೂ ಇದ್ದಾರೆ, ತುಮಕೂರಿನಲ್ಲಿಯೂ ಇದ್ದಾರೆ, ಬೆಂಗಳೂರಿನ ಕಲಾಸಿಪಾಳ್ಯದ ಲಾರಿ ಆಫೀಸುಗಳ ಸಾಲಿನಲ್ಲಂತೂ ಹೆಜ್ಜೆಗೊಬ್ಬರಂತೆ ಇದ್ದಾರೆ. ಆದರೆ ಪಕ್ವಸ್ವರೂಪದಲ್ಲಿ ಅವರನ್ನು ದರ್ಶಿಸಬೇಕೆಂಬ ಅಪೇಕ್ಷೆಯುಳ್ಳವರು ದಾವಣಗೆರೆಯ ಪಿ.ಬಿ. ರಸ್ತೆಗೆ ಬರುವುದು ಒಳ್ಳೆಯದು. ಹತ್ತಿಯ ಗಿರಣಿಗಳ ದೆಸೆಯಿಂದ ಕರ್ನಾಟಕದ ಮ್ಯಾಂಚೆಸ್ಟರೆನಿಸಿಕೊಂಡಿದ್ದ ಊರಿನಲ್ಲಿ ವ್ಯಾಪಾರದ ಗಾಂಭೀರ್ಯಕ್ಕೆ ಕೊರತೆಯಿಲ್ಲ. ಆ ಗಾಂಭೀರ್ಯವೆಲ್ಲವೂ ಒಂದು ಬಾಗಿಲಿನ ಮೇಲೆ ಬಂದು ನಿಂತರೆ ಏನಾದೀತೆಂಬುದನ್ನು ಅಲ್ಲಿ ಕಣ್ಣಾರೆ ಕಾಣಬಹುದು.

ಸಾಹುಕಾರರು ಷಟರನ್ನು ಆರಿಸುವ ಕ್ರಮ ದೀರ್ಘವಾದದ್ದು. ಸಂಜೆಯ ಹೊತ್ತು, ಒಂದು ಕೈಯನ್ನು ಬೆನ್ನ ಹಿಂದೆ ಇರಿಸಿಕೊಂಡು, ಬೀದಿಯ ಉದ್ದಕ್ಕೂ ಅನ್ಯರ ಬಾಗಿಲುಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ, ತಲೆಯನ್ನು ವಾರೆಮಾಡಿ, ನಾದವನ್ನು ಆಲಿಸಿ, ಒಂದೊಂದರ ಯೋಗ್ಯತೆಯನ್ನೂ ತಮ್ಮೊಳಗೆ ನಿರ್ಣಯಿಸಿಕೊಂಡು ಮುಂದೆ ಸಾಗುವರು. ಒಳಗಿದ್ದವರು ಗಿರಾಕಿ ಬಂದನೆಂದು ಎದ್ದು ಬಂದರೆ, ಏನೂ ಇಲ್ಲವೆಂಬಂತೆ ಕೈಯಾಡಿಸಿ ಪಕ್ಕದ ಬಾಗಿಲಿಗೆ ಹೋಗುವರು. ಈ ನಾದಪರೀಕ್ಷೆ ಮುಗಿದಮೇಲೆ ಮೇಸ್ತ್ರಿಯ ಅಂಗಡಿಗೆ ಚಿತ್ತೈಸುವುದು.

“ಎಷ್ಟು ಗೇಜಿಂದು ಹಾಕ್ಲಿ ಸಾವ್ಕಾರ್ರೆ? ಹದಿನೆಂಟೋ, ಇಪ್ಪತ್ತೋ?”

“ಎದುರಿನೋರ್ದು ಎಷ್ಟು?”

“ಅವ್ರದು ಇಪ್ಪತ್ತು.”

“ಹಂಗಾರೆ ನಮ್ದು ಇಪ್ಪತ್ತೆರಡಿರ್ಲಿ. ನಮಗೆ ಹದಿನೆಂಟು ಅಂತ ಹೇಳಾಕೆ ನಿನಗೆ ಬಾಯಾದ್ರೂ ಹೆಂಗೆ ಬಂತೋ ಮಾರಾಯ!”

ಗೇಜೆಂಬ ಈ ಲೆಕ್ಕದಲ್ಲಿ ಅಂಕಿ ಏರಿದಂತೆಲ್ಲ ತಗಡು ತೆಳುವಾಗುತ್ತ ಹೋಗುವುದೆಂಬುದೂ, 18 ಗೇಜಿನದು ಸುಮಾರು 1.2 ಮಿಲಿಮೀಟರು ದಪ್ಪವಿದ್ದರೆ 20ರದು 0.9, 22ರದು ಬರಿಯ 0.7 ಎಂಬುದೂ ಮೇಸ್ತ್ರಿಗೆ ತಿಳಿಯದ ವಿಷಯವಲ್ಲ. ಆದರೆ ತಾನಾಗಿ ಮನೆ ಹೊಕ್ಕ ಲಕ್ಷ್ಮಿಯೊಡನೆ ತರ್ಕಕ್ಕಿಳಿಯುವಷ್ಟು ಅವಿವೇಕಿ ಅವನಲ್ಲ. ಹೆಚ್ಚಿನ ಅಂಕಿಗೆ ಹೆಚ್ಚಿನ ಬೆಲೆಯನ್ನು ಕೇಳಿದನು, ಸಾಹುಕಾರರು ಹೆಮ್ಮೆಯಿಂದ ಕೊಟ್ಟರು. ಅಂದಿನಿಂದ ಆ ರಸ್ತೆಯಲ್ಲಿ ಅತ್ಯಂತ ತೆಳುವಾದ ಷಟರಿಗೆ ಅತ್ಯಂತ ದೊಡ್ಡ ಬೆಲೆ ತೆತ್ತವರೆಂಬ ಕೀರ್ತಿ ಅವರದಾಗಿದೆ. ಆಷಾಢದ ಗಾಳಿ ಬೀಸಿದಾಗ ಬಾಗಿಲಿನ ಹೊಟ್ಟೆ ಒಳಕ್ಕೆ ಬಾಗಿ, ಪಟ್ಟಿಗಳ ತುದಿಗಳು ಇಕ್ಕೆಲದ ಚಾನೆಲುಗಳಿಂದ ಹೊರಜಾರಿ ಪಟಪಟನೆ ಬಡಿದುಕೊಳ್ಳತೊಡಗಿದರೆ ಅವರು ಅದನ್ನೂ ಬಾಗಿಲಿನ ಶಕ್ತಿಯೆಂದೇ ಅರ್ಥಮಾಡುವರು.

ಅಳತೆಯ ವಿಷಯದಲ್ಲಿ ಮಾತ್ರ ಯಾರೂ ತಮ್ಮನ್ನು ಮೋಸಗೊಳಿಸಕೂಡದೆಂದು ಟೇಪನ್ನು ಸ್ವಹಸ್ತದಲ್ಲಿಯೇ ಹಿಡಿದರು. ಲಾರಿಯ ಅಗಲ 2.6 ಮೀಟರನ್ನು ಮೀರಕೂಡದೆಂದು ಮೋಟಾರು ವಾಹನಗಳ ನಿಯಮವಿರುವುದರಿಂದ 12 ಅಡಿಯ ಅಗಲ ಧಾರಾಳವೆಂದು ಅವರು ತೆಗೆದ ತೀರ್ಮಾನದಲ್ಲಿ ಯಾವ ದೋಷವೂ ಇಲ್ಲ. ದೋಷವಿದ್ದದ್ದು ಎತ್ತರದಲ್ಲಿ. 12 ಅಡಿ ಎತ್ತರದ ಬಾಗಿಲು ಮೇಲೇರಿದಾಗ ಅದು ಆಕಾಶದಲ್ಲಿ ಲೀನವಾಗುವುದಿಲ್ಲ, ಪೈಪಿಗೆ ಸುತ್ತಿಕೊಂಡು ಒಂದೂವರೆ ಅಡಿಯ ಗಾತ್ರದ ಸುರುಳಿಯಾಗಿ ಅಲ್ಲಿಯೇ ಕುಳಿತಿರುವುದು. ಆ ಸುರುಳಿಯನ್ನು ಲಿಂಟಲಿನಿಂದ ಮೇಲಕ್ಕೆ, ಒಳಗೋಡೆಗೆ ಕೂಡಿಸಿದ್ದರೆ ಬಾಯಿ ಪೂರ್ತಿಯಾಗಿ ದೊರೆಯುತ್ತಿತ್ತು. ಆದರೆ ಅಲ್ಲಿ ಅವರ ತೀರ್ಥರೂಪರ ಭಾವಚಿತ್ರವಿದ್ದುದರಿಂದ ಲಿಂಟಲಿನ ಕೆಳಗೇ ಕೂಡಿಸಬೇಕೆಂದು ಅಪ್ಪಣೆಯಾಯಿತು. ಉಳಿದದ್ದು ಹತ್ತೂವರೆ ಅಡಿ. ತುಂಬು ಬಾಡಿಯ ಮೊದಲ ಲಾರಿ ಬಂದು, ತಲೆಯನ್ನು ಸುರುಳಿಗೆ ಹೊದಿಸಿದ ಡಬ್ಬಕ್ಕೆ ತಾಗಿಸಿ ನಿಂತಾಗ, ಸಾಹುಕಾರರು ಕಿಂಚಿತ್ತೂ ವಿಚಲಿತರಾಗದೆ, ಚಕ್ರಗಳ ಗಾಳಿಯನ್ನು ಸ್ವಲ್ಪ ಇಳಿಸಿದರೆ ಸರಿಹೋಗುವುದೆಂದು ಡ್ರೈವರಿಗೆ ಸಲಹೆಯಿತ್ತರು. ಆ ಡ್ರೈವರು ಕೊಟ್ಟ ಉತ್ತರ ಈ ಬಗೆಯ ಗದ್ಯದಲ್ಲಿ ಬರೆಯತಕ್ಕದ್ದಲ್ಲ. ಈಗ ದೊಡ್ಡ ಲಾರಿಗಳ ಚಿಕಿತ್ಸೆಯೆಲ್ಲ ಹೊರಗಡೆ ಬೇವಿನ ಮರದ ನೆರಳಿನಲ್ಲಿ ನಡೆಯುತ್ತಿದೆ. ಒಳಗೆ ಟೆಂಪೋಗಳಿಗೂ ಸಾಹುಕಾರರ ಸ್ಕೂಟರಿಗೂ ವಿಶಾಲವಾದ ಸ್ಥಳಾವಕಾಶ ದೊರೆತಿದೆ.

ಇಷ್ಟು ಹಿರಿದಾದ ಬಾಗಿಲನ್ನು ಎತ್ತುವ ಬಗೆ ಹೇಗೆ? ಅಂಗಡಿಯ ಸಣ್ಣ ಷಟರನ್ನು ಕೈಯಿಂದಲೇ ಎತ್ತಿ ಇಳಿಸಬಹುದು. ಹತ್ತು ಹನ್ನೆರಡು ಚದರ ಮೀಟರುಗಳನ್ನು ಮೀರಿದರೆ ಗೇರು, ಸರಪಳಿ ಮೊದಲಾದ ಯಂತ್ರಸಹಾಯ ಬೇಕೆಂಬುದು ಈ ಕಸುಬಿನವರು ಒಪ್ಪಿದ ಮಾತು. ನಮ್ಮ ಸಾಹುಕಾರರದು ಹದಿಮೂರಕ್ಕೂ ಮಿಕ್ಕದ್ದು. ಮೇಸ್ತ್ರಿ ಇಲ್ಲಿ ಮಾತ್ರ, ಪಾಪಪ್ರಜ್ಞೆಯಿಂದಲೋ ಏನೋ, ಸತ್ಯವನ್ನೇ ನುಡಿದು ಸರಪಳಿ ಹಾಕಿಸಿರೆಂದು ಅಂಗಲಾಚಿದನು. “ಬಾವಿ ನೀರು ಸೇದ್ದಂಗೆ ಸರಪಳಿ ಜಗ್ಗತಾ ನಿಂತ್ರೆ ನೋಡಿದೋರು ಏನಂದಾರು?” ಎಂದು ಸಾಹುಕಾರರು ಆ ಪ್ರಸ್ತಾಪವನ್ನು ಅಲ್ಲಿಗೇ ಮುಗಿಸಿದರು.

ಷಟರನ್ನು ಎತ್ತುವುದು ತೋಳಲ್ಲ, ಪೈಪಿನೊಳಗೆ ಅವಿತಿರುವ ಸ್ಪ್ರಿಂಗು. ಬಾಗಿಲು ಇಳಿಯುವಾಗ ಬಿಗಿಗೊಂಡು, ಏರುವಾಗ ಆ ಬಿಗಿತವನ್ನು ಹಿಂದಿರುಗಿಸಿ, ತಗಡಿನ ಭಾರವನ್ನೆಲ್ಲ ತಾನು ಹೊತ್ತುಕೊಂಡು, ಎತ್ತಿದವನಿಗೆ ತನ್ನ ತೋಳ್ಬಲದ ಬಗೆಗೆ ಭ್ರಾಂತಿಯನ್ನುಂಟುಮಾಡುವುದು ಅದರ ಕೆಲಸ. ಇಂಥ ಸ್ಪ್ರಿಂಗಿನ ಆಯುಸ್ಸನ್ನು ಸಾಮಾನ್ಯವಾಗಿ 10,000 ಏರಿಳಿತಗಳೆಂದು ಲೆಕ್ಕ ಹಿಡಿಯುವರು. ಬೆಳಗ್ಗೆ ಒಮ್ಮೆ ಎತ್ತಿ ರಾತ್ರಿ ಒಮ್ಮೆ ಇಳಿಸುವವನಿಗೆ ಇದು ಒಂದು ತಲೆಮಾರಿಗೆ ಸಾಕು. ಬಂದ ನೆಂಟರಿಗೆ, ಬ್ಯಾಂಕಿನವರಿಗೆ, ಚಂದಾ ಕೇಳಲು ಬಂದ ಗಣೇಶೋತ್ಸವದ ಹುಡುಗರಿಗೆ ಸಹ “ಒಂದ್ ಸಲ ಎತ್ತಿ ತೋರಿಸ್ತೀನಿ, ನೋಡ್ರಿ” ಎಂದು ದಿನಕ್ಕೆ ಇಪ್ಪತ್ತು ಸಲ ಪ್ರದರ್ಶನವನ್ನೇರ್ಪಡಿಸುವ ರಸಿಕರಿಗೆ ಒಂದೂವರೆ ವರ್ಷಕ್ಕೂ ಸಾಲದು. ಸ್ಪ್ರಿಂಗು ಸೋತಿರುವುದನ್ನು ತಿಳಿಯುವ ಉಪಾಯ ಬಹು ಸುಲಭ. ಬಾಗಿಲನ್ನು ನಡುಮಧ್ಯದಲ್ಲಿ ಬಿಟ್ಟರೆ ಅದು ಬಿಟ್ಟಲ್ಲಿಯೇ ನಿಲ್ಲಬೇಕು. ಈ ಪರೀಕ್ಷೆ ಸಾಹುಕಾರರಲ್ಲಿ ನಡೆದದ್ದು ಒಂದು ಬಂದ್ ದಿನ. ಬಂದ್ ಎಂದರೆ ನಮ್ಮ ವರ್ತಕರಲ್ಲಿ ಅರ್ಧ ಷಟರಿನ ವ್ರತ. ಪ್ರತಿಭಟನೆಗಾರರಿಗೆ ಮುಚ್ಚಿದಂತೆಯೂ ಗಿರಾಕಿಗಳಿಗೆ ತೆರೆದಂತೆಯೂ ತೋರುವ ಆ ದ್ವೈತಾದ್ವೈತ ಸ್ಥಿತಿಯನ್ನು ಎಲ್ಲರ ಬಾಗಿಲುಗಳೂ ಸಾಧಿಸಿದುವು, ಇವರದು ಮಾತ್ರ ನಡುವೆ ನಿಲ್ಲಲೊಲ್ಲದೆ ಧಡಾರನೆ ನೆಲಕ್ಕಿಳಿದು, ಬಂದ್‌ಗೆ ಮನಃಪೂರ್ವಕವಾದ ಬೆಂಬಲವನ್ನು ಘೋಷಿಸಿತು.

ಬಿಗಿಗೊಂಡ ಸ್ಪ್ರಿಂಗನ್ನು ಬಲ್ಲವರಲ್ಲದೆ ಅನ್ಯರು ಮುಟ್ಟಬಾರದು. ಆದರೆ ಲಾರಿಯ ಇಂಜಿನ್ನನ್ನೇ ಬಿಚ್ಚುವ ತಮ್ಮ ಹುಡುಗನಿಗೆ ಇದಾವ ಲೆಕ್ಕವೆಂದು ಸಾಹುಕಾರರು ಅವನನ್ನೇ ಏಣಿ ಹತ್ತಿಸಿದರು; ಬಿಡುಗಡೆ ಹೊಂದಿದ ಪೈಪು ಗಿರ್ರನೆ ತಿರುಗಿ, ಹುಡುಗನ ಕೈಯಲ್ಲಿದ್ದ ಸ್ಪ್ಯಾನರನ್ನು ಎದುರುಗೋಡೆಯ ಕ್ಯಾಲೆಂಡರಿಗೆ ಅರ್ಪಿಸಿತು. ಹುಡುಗ ಉಳಿದದ್ದು ದೈವಕೃಪೆ. ಅಂದಿನಿಂದ ಇಬ್ಬರು ಕೆಳಪಟ್ಟಿಗೆ ಹೆಗಲು ಕೊಟ್ಟು ಎತ್ತುವುದೂ, ಮೂರನೆಯವನು ಉದ್ದನೆಯ ಬೊಂಬುಗಳನ್ನು ಅಡಿಗೆ ಆನಿಸುವುದೂ ನಿತ್ಯವಿಧಿಯಾಗಿದೆ.

ಇಷ್ಟು ಕಿಲೋಮೀಟರಿಗೊಮ್ಮೆ ಆಯಿಲ್ ಬದಲಿಸದಿದ್ದರೆ ಲಾರಿ ಹಾಳಾಗುವುದೆಂದು ಗಿರಾಕಿಗಳಿಗೆ ಬೋಧಿಸುವ ಈ ಗುರುಗಳು ತಮ್ಮ ಷಟರಿನ ಚಾನೆಲಿಗೆ ಹೊಯ್ಯಿಸುವುದು ಅದೇ ಲಾರಿಗಳಿಂದ ಇಳಿಸಿದ ಸುಟ್ಟ ಆಯಿಲನ್ನು. ಚಾನೆಲನ್ನು ಒಣಬಟ್ಟೆಯಿಂದ ಒರೆಸಿ ಶುಚಿಯಾಗಿಟ್ಟರೆ ಅರ್ಧ ಆರೈಕೆ ಮುಗಿದಂತೆ. ಆಯಿಲು ಹೆಚ್ಚಿದಷ್ಟೂ ಧೂಳು ಹೆಚ್ಚು. ಪಿ.ಬಿ. ರಸ್ತೆಯ ಧೂಳೂ ಮೆಕ್ಕೆಜೋಳದ ಹೊಟ್ಟೂ ಅದರಲ್ಲಿ ಕಲೆತು ಸಿದ್ಧವಾಗುವ ಕರಿಯ ಲೇಹ್ಯ, ಬಿಳಿಯ ಪಂಚೆಯುಟ್ಟ ಗೃಹಸ್ಥರ ಮೇಲೆ ವಿಶೇಷ ಪ್ರೀತಿಯುಳ್ಳದ್ದು. ಆಯುಧಪೂಜೆಯ ದಿನ ಮಾತ್ರ ಬಾಗಿಲಿಗೆ ಸಾಂಗವಾದ ಅಭಿಷೇಕ, ವಿಭೂತಿ, ಕುಂಕುಮ, ಬೂದುಗುಂಬಳದ ಬಲಿ. ಎರಡೂ ಚಾನೆಲುಗಳಿಗೆ ಬಾಳೆಯ ಕಂಬಗಳನ್ನು ಬಿಗಿಯುವುದರಿಂದ ಅವು ಒಣಗಿ ಉದುರುವವರೆಗೆ ಬಾಗಿಲು ಮುಚ್ಚಲಾಗುವುದಿಲ್ಲ, ಒಬ್ಬ ಕಾವಲುಗಾರನನ್ನು ನೇಮಿಸಬೇಕಾಗುವುದು.

ಕಳ್ಳರ ಭಯವಂತೂ ಅವರಿಗೆ ಅಪಾರ. ‘ಷಟರು ಮೀಟಿ ಕಳವು’ ಎಂಬ ಸುದ್ದಿ ಪತ್ರಿಕೆಯಲ್ಲಿ ಬಂದ ದಿನ ಅದನ್ನು ಗ್ಯಾರೇಜಿನವರೆಲ್ಲರಿಗೂ ಓದಿ ಹೇಳಿ ಇನ್ನೊಂದು ಬೀಗವನ್ನು ತರಿಸುವರು. ಎಡಕ್ಕೊಂದು, ಬಲಕ್ಕೊಂದು, ನಡುವೆ ಒಂದು, ಅದರ ಮೇಲೊಂದು ಹೀಗೆ ಬೀಗಗಳ ಪರಿವಾರ ಬೆಳೆದಿದೆ; ಕೀಲಿಗೊಂಚಲಿನ ಭಾರಕ್ಕೆ ಅವರ ಸೊಂಟ ಒಂದು ಪಕ್ಕಕ್ಕೆ ವಾಲಿದೆ. ಕೀಲಿಗಳನ್ನು ಮನೆಯಲ್ಲಿ ಮರೆತುಬಂದ ದಿನ ಎಲ್ಲರೂ ಹಿಂಬದಿಯ ತಗಡಿನ ಬಾಗಿಲಿಗೆ ಸುತ್ತಿದ ತಂತಿಯನ್ನು ಬಿಚ್ಚಿ ಒಳಗೆ ಹೋಗುವುದು ವಾಡಿಕೆ.

ಷಟರಿನ ಮೇಲೆ ಬರೆಸಿದ ಅಕ್ಷರಗಳ ವಿಷಯ ಹೇಳದಿದ್ದರೆ ಚಿತ್ರ ಅಪೂರ್ಣ. ತುದಿಯಲ್ಲಿ ದೇವರ ಹೆಸರು, ಅದರ ಕೆಳಗೆ ಗ್ಯಾರೇಜಿನ ಹೆಸರು, ಆಮೇಲೆ ತಮ್ಮ ಹೆಸರು, ಮುಚ್ಚಿದ ಬಾಗಿಲಿಗೆ ಯಾರೂ ಅಡ್ಡ ನಿಲ್ಲಿಸದಿರಲೆಂದು ಕಟ್ಟಕಡೆಯ ಪಟ್ಟಿಗಳ ಮೇಲೆ ‘ಇಲ್ಲಿ ವಾಹನ ನಿಲ್ಲಿಸಬಾರದು’ ಎಂಬ ಆಜ್ಞೆ. ಬಾಗಿಲು ಮೇಲೇರುವಾಗ ದೇವರು, ಗ್ಯಾರೇಜು, ಸಾಹುಕಾರರು ಅನುಕ್ರಮವಾಗಿ ಡಬ್ಬದೊಳಗೆ ಅಂತರ್ಧಾನರಾಗಿ, ವ್ಯಾಪಾರದ ವೇಳೆಯುದ್ದಕ್ಕೂ ಗ್ಯಾರೇಜಿನ ನೆತ್ತಿಯ ಮೇಲೆ ಆ ಕೊನೆಯ ಸಾಲೊಂದೇ ಕೆಂಪಕ್ಷರಗಳಲ್ಲಿ ತೂಗಾಡುತ್ತಿರುವುದು. ಮೊನ್ನೆ ಹೊಗೆಯುಗುಳುತ್ತ ಬಂದ ಟೆಂಪೋವೊಂದರ ಚಾಲಕ ಅದನ್ನು ಅಕ್ಷರಕ್ಷರವಾಗಿ ಓದಿಕೊಂಡು, ವಾಹನವನ್ನು ತಿರುಗಿಸಿ ಪಕ್ಕದ ಗ್ಯಾರೇಜಿನೊಳಗೆ ಹೊಕ್ಕನು. ಗಲ್ಲೆಯ ಮುಂದೆ ಕುಳಿತು ನೋಡುತ್ತಿದ್ದ ಸಾಹುಕಾರರ ಮುಖ ಅರಳಿತು.

“ನೋಡ್ರಿ, ಈಗಿನ ಕಾಲದಾಗೆ ಬೋರ್ಡು ಓದಿ ಮರ್ಯಾದೆ ಕೊಡೋ ಡ್ರೈವರುಗಳು ಎಷ್ಟು ಮಂದಿ ಅದಾರೆ?”