ಹಲ್ಲು ಚಲೋ ಅದಾವ, ಎತ್ತರ ಕಮ್ಮಿ

ಧಾರವಾಡ ತಾಲೂಕಿನ ಉಪ್ಪಿನಬೆಟಗೇರಿಯಿಂದ ವೃತ್ತಿಪರ ಬಾಸ್ಕೆಟ್‌ಬಾಲ್‌ಗೆ ಹೊರಟು ನಿಂತಿರುವ ಹುಡುಗನೊಬ್ಬನನ್ನು ತೂಗಿ ನೋಡುವ ಹೊಣೆ ನಮ್ಮ ಪಾಲಿಗೆ ಬಂದಿದೆ. ವರದಿ ಕೇಳಿದವರು ಅವನ ಸೋದರಮಾವ. ಯಾಕೆಂದು ಹೇಳಲಿಲ್ಲ, ನಾವೂ ಕೇಳಲಿಲ್ಲ. ನಾವು ಈ ಆಟ ಆಡಿದವರಲ್ಲ. ದನದ ಸಂತೆಯಲ್ಲಿ ಎತ್ತು, ಹೋರಿ ನೋಡಿ ನೋಡಿಯೇ ತಲೆ ಬೆಳ್ಳಗಾದವರು. ಅಮೆರಿಕದ ಎನ್‌ಬಿಎಯಲ್ಲಿ ಪ್ರತಿವರ್ಷ ಡ್ರಾಫ್ಟ್‌ಗೆ, ಅಂದರೆ ತಂಡಗಳು ಹೊಸಬರನ್ನು ಸರದಿಯಂತೆ ಆರಿಸುವುದಕ್ಕೆ, ಮೊದಲು ಹುಡುಗರನ್ನು ಸಾಲಾಗಿ ನಿಲ್ಲಿಸಿ ಎತ್ತರ, ಚಾಚಿದ ತೋಳಿನ ಅಳತೆ, ನಿಂತಲ್ಲಿಂದ ಎಷ್ಟು ಜಿಗಿಯುತ್ತಾನೆ, ಅಂಗೈ ಎಷ್ಟು ಅಗಲ, ಎಲ್ಲ ಬರೆದುಕೊಳ್ಳುತ್ತಾರೆ. ಹಲ್ಲು ಮಾತ್ರ ನೋಡುವುದಿಲ್ಲ. ಅವರ ಪದ್ಧತಿಯ ದೊಡ್ಡ ಲೋಪ ಇದು. ನಾವು ಹಲ್ಲಿನಿಂದಲೇ ಶುರು ಮಾಡಿದೆವು. ಚಲೋ ಅದಾವ.

ಇನ್ನು ಎತ್ತರ. ಶಾಲೆಯ ದಾಖಲೆಯಲ್ಲಿ 5 ಅಡಿ 9 ಇಂಚು ಎಂದಿದೆ. ಅಂದು ಅಳೆದದ್ದು ಬೂಟು ಹಾಕಿಸಿ. ತಂದೆಯ ಪ್ರಕಾರ 5 ಅಡಿ 11. ಇದರಲ್ಲಿ ರುಮಾಲಿನ ಪಾಲು ಎಷ್ಟೆಂದು ವಿಚಾರಣೆ ನಡೆದಿದೆ. ಬರಿಗಾಲು ಬರಿತಲೆಯಲ್ಲಿ ಗೋಡೆಗೆ ನಿಲ್ಲಿಸಿದಾಗ ಸಿಕ್ಕಿದ್ದು 5 ಅಡಿ 7 ಇಂಚು, ಅಂದರೆ 170 ಸೆಂಟಿಮೀಟರ್. ಬೂಟಿನ ಅಟ್ಟೆಯನ್ನು ಆಳಿನ ಲೆಕ್ಕಕ್ಕೆ ಸೇರಿಸುವ ರೂಢಿ ಎನ್‌ಬಿಎಯಲ್ಲೂ ಬಹಳ ಕಾಲ ಇತ್ತು. ಬರಿಗಾಲಲ್ಲಿ ಅಳೆದು ಕಳಿಸಬೇಕೆಂದು 2019ರಲ್ಲಿ ತಂಡಗಳಿಗೆ ಕಟ್ಟಪ್ಪಣೆಯಾದಾಗ ಎಷ್ಟೋ ಘಟಾನುಘಟಿಗಳು ಒಂದೇ ಸಲಕ್ಕೆ ಇಂಚು, ಎರಡಿಂಚು ಕುಗ್ಗಿಹೋದರು. ನಮ್ಮ ಹುಡುಗ ಆಡುವುದು ಫಾರ್ವರ್ಡ್ ಜಾಗದಲ್ಲಿ. ಎನ್‌ಬಿಎಯಲ್ಲಿ ಫಾರ್ವರ್ಡ್ ಎನ್ನಿಸಿಕೊಳ್ಳುವವನು ಸಾಮಾನ್ಯವಾಗಿ ಆರೂವರೆ ಅಡಿಯಿಂದ ಮೇಲಕ್ಕೆ ಇರುತ್ತಾನೆ. ನಮ್ಮವನಿಗೆ ಹತ್ತಿರ ಹತ್ತಿರ ಒಂದಡಿ ಕೊರತೆ. ವಯಸ್ಸು 19. ಇನ್ನು ಆ ಒಂದಡಿ ಬರುವ ಸಂಭವ ಕಡಿಮೆ ಎಂದು ಅವನ ಅಜ್ಜಿಯೂ ಒಪ್ಪಿದ್ದಾಳೆ.

ಇಷ್ಟು ಗಿಡ್ಡನಾದವನು ಫಾರ್ವರ್ಡ್ ಹೇಗಾದ ಎಂಬುದನ್ನೂ ತನಿಖೆ ಮಾಡಿದೆವು. ಊರಿನ ತಂಡದಲ್ಲಿ ಇವನಿಗಿಂತ ಎತ್ತರದವರು ಇಬ್ಬರಿದ್ದಾರೆ. ಒಬ್ಬ ಸೆಂಟರ್. ಇನ್ನೊಬ್ಬನ ಅಪ್ಪ ಚೆಂಡು ಕೊಡಿಸಿದವರು. ಅವರ ಮಗ ಎಲ್ಲಿ ಬೇಕಾದರೂ ನಿಲ್ಲಬಹುದು, ನಿಲ್ಲುತ್ತಾನೆ. ಉಳಿದ ಜಾಗ ಇವನದು.

ರಿಂಗು ನೆಲದಿಂದ ಹತ್ತಡಿ, 3.05 ಮೀಟರ್. ಇದರ ಹಿಂದೆ ಯಾವ ಶಾಸ್ತ್ರವೂ ಇಲ್ಲ. 1891ರ ಡಿಸೆಂಬರಿನಲ್ಲಿ ಸ್ಪ್ರಿಂಗ್‌ಫೀಲ್ಡಿನ ವ್ಯಾಯಾಮಶಾಲೆಯೊಂದರಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಮೇಷ್ಟ್ರು ಪೀಚ್ ಹಣ್ಣಿನ ಬುಟ್ಟಿಗಳನ್ನು ಗ್ಯಾಲರಿಯ ಕಟಕಟೆಗೆ ಹೊಡೆಸಿದರು. ಕಟಕಟೆ ಹತ್ತಡಿಯ ಮೇಲಿತ್ತು. ಗ್ಯಾಲರಿ ಕಟ್ಟಿದ ಬಡಗಿ ಅದನ್ನು ಎಂಟಡಿಗೇ ಮುಗಿಸಿದ್ದರೆ ಈ ವರದಿಯ ಅಗತ್ಯವೇ ಬೀಳುತ್ತಿರಲಿಲ್ಲ. ಹುಡುಗನ ಜಾತಕದಲ್ಲಿ ಶನಿ ಇದ್ದಾನೋ ಇಲ್ಲವೋ, ಈ ಬಡಗಿಯಂತೂ ಇದ್ದಾನೆ.

ಅಂಗಳದ ವಿಷಯ ಹೆಚ್ಚು ಹೇಳುವಂಥದ್ದಿಲ್ಲ. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಚೆಂಡು ಪುಟಿಸಿದರೆ ಬಿದ್ದಲ್ಲೇ ಕೂರುತ್ತದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟ ನೆಲ ಅದನ್ನು ತನಗೆ ತಿಳಿದ ಕಡೆಗೆ ಕಳಿಸುತ್ತದೆ. ಹೀಗಾಗಿ ಹುಡುಗನ ಡ್ರಿಬ್ಲಿಂಗ್ ಬಗ್ಗೆ ಅಭಿಪ್ರಾಯ ಕಾಯ್ದಿರಿಸಿದ್ದೇವೆ.

ಈಗ ಆತಂಕದ ಸಂಗತಿಗೆ ಬರುತ್ತೇವೆ. ಧಾರವಾಡದ ಹುಡುಗರು ಒಂದು ಭಾನುವಾರ ಪಂದ್ಯಕ್ಕೆಂದು ಬಂದಿದ್ದರು. ಅವರ ಸೆಂಟರ್ ಆರಡಿ ಮೂರಿಂಚು. ನೋಡಿದರೆ ಕಣ್ಣು ತುಂಬುವ ಆಳು, ಹೆಗಲು, ನಡಿಗೆ ಎಲ್ಲ ಲಕ್ಷಣವಾಗಿದ್ದವು. ಅವನಿಗೆ ನಾವು ಪಂದ್ಯ ಶುರುವಾಗುವ ಮುಂಚೆಯೇ ಪೂರ್ಣ ಅಂಕ ಕೊಟ್ಟು ಪುಸ್ತಕ ಮುಚ್ಚಿದ್ದೆವು. ಆದರೆ ರಿಂಗಿಗೆ ಬಡಿದ ಚೆಂಡು ಪ್ರತಿಸಲ ನಮ್ಮ ಗಿಡ್ಡನ ಕೈಗೇ ಬರುತ್ತಿತ್ತು. ಆ ಎತ್ತರದವನು ಜಿಗಿಯುವ ಹೊತ್ತಿಗೆ ಇವನು ಅವನ ಮುಂದೆ ಕಾಲು ಅಗಲಿಸಿ, ಸೊಂಟ ಒಡ್ಡಿ, ಬೆನ್ನು ಕೊಟ್ಟು ನಿಂತಿರುತ್ತಿದ್ದ. ಅವನು ಎಷ್ಟು ಮೇಲೆ ಹೋದರೂ ಇವನ ಆಚೆಗೇ ಹೋಗಬೇಕು. ನಿಯಮದಲ್ಲಿ ಇದು ತಪ್ಪಲ್ಲ. ಆದರೂ ನೋಡಲು ಸರಿ ಕಾಣಲಿಲ್ಲ.

ಪಂದ್ಯ ನಡೆದ ನಮ್ಮ ಶಾಲೆಯ ಹಳೆಯ ರಿಂಗು ಎಡಕ್ಕೆ ವಾಲಿದೆ. ಚೆಂಡು ತಪ್ಪಿದರೆ ಎತ್ತ ಹಾರುತ್ತದೆ, ಮೂಲೆಯಿಂದ ಎಸೆದದ್ದು ಎಷ್ಟು ದೂರ ಹೋಗುತ್ತದೆ, ಯಾರ ಎಸೆತ ಗಿಡ್ಡ, ಯಾರದ್ದು ಉದ್ದ, ಎಲ್ಲ ಇವನಿಗೆ ಬಾಯಿಪಾಠ. ಎಸೆದವನ ಕೈ ಬಿಟ್ಟ ಕೂಡಲೇ ಅತ್ತ ಹೋಗಿ ನಿಲ್ಲುತ್ತಾನೆ. ಇದನ್ನು ಕೌಶಲವೆಂದು ಪರಿಗಣಿಸಲು ಬರುವುದಿಲ್ಲ. ಯಾಕೆಂದರೆ ಅಳೆಯಲು ಟೇಪು ಹಿಡಿಯುವ ಜಾಗವಿಲ್ಲ. 'ಚೆಂಡು ತಾನಾಗಿ ಇವನ ಕಡೆ ಬರುತ್ತದೆ' ಎಂದು ಷರಾ ಬರೆದು, ಕೊರತೆಗಳ ಕಾಲಮ್ಮಿನಲ್ಲಿ ಸೇರಿಸಿದ್ದೇವೆ.

ಹಿಂದೆ ಇಂಥವರು ಆಗಿಲ್ಲವೇ ಎಂದು ಕೆಲವರು ಕೇಳಿದರು. ಆಗಿದ್ದಾರೆ, ಆದರೆ ಅವೆಲ್ಲ ಅಪವಾದಗಳು. ಚಾರ್ಲ್ಸ್ ಬಾರ್ಕ್ಲಿಯನ್ನು 1984ರಲ್ಲಿ ಫಿಲಡೆಲ್ಫಿಯಾ ತಂಡ ಐದನೆಯವನಾಗಿ ಆರಿಸಿತು. ಕಾಗದದ ಮೇಲೆ ಆರೂವರೆ ಅಡಿ. ನಿಜಕ್ಕೆ ಅಷ್ಟೂ ಇರಲಿಲ್ಲ. ಮೈಯೋ, ಗುಂಡಗೆ. 1986–87ರಲ್ಲಿ ಪಂದ್ಯಕ್ಕೆ 14.6ರಂತೆ ರಿಬೌಂಡ್, ಅಂದರೆ ರಿಂಗಿಗೆ ಬಡಿದು ಮರಳಿದ ಚೆಂಡು, ಹಿಡಿದು ಇಡೀ ಲೀಗಿಗೆ ಮೊದಲಿಗನಾದ, 1993ರಲ್ಲಿ ಅತ್ಯುತ್ತಮ ಆಟಗಾರನೂ ಆದ. ಡೆನಿಸ್ ರಾಡ್‌ಮನ್ 6 ಅಡಿ 7 ಇಂಚಿನವನು. ಚೆಂಡು ರಿಂಗಿಗೆ ಬಡಿದು ಹೇಗೆ ತಿರುಗುತ್ತದೆಂದು ಜೊತೆಯವರ ಎಸೆತ ನೋಡಿ ನೋಡಿ ಕಲಿತು, 1991–92ರಿಂದ ಸತತ ಏಳು ಋತು ರಿಬೌಂಡಿನಲ್ಲಿ ಮೊದಲಿಗ. ಮಗ್ಸಿ ಬೋಗ್ಸ್ ಬರೀ 5 ಅಡಿ 3 ಇಂಚು, ಅಲ್ಲಿ ಹದಿನಾಲ್ಕು ಋತು ಆಡಿದ. ಇವರನ್ನೆಲ್ಲ ಲೆಕ್ಕಕ್ಕೆ ಹಿಡಿದರೆ ನಮ್ಮ ಸಿದ್ಧಾಂತಕ್ಕೆ ಪೆಟ್ಟು ಬೀಳುವುದರಿಂದ ಕೈಬಿಟ್ಟಿದ್ದೇವೆ.

ಸಿದ್ಧಾಂತಕ್ಕೆ ಹೊಂದುವ ಉದಾಹರಣೆ ಸತ್ನಾಮ್ ಸಿಂಗ್. ಪಂಜಾಬಿನ ಬಲ್ಲೋಕೆ ಎಂಬ ಹಳ್ಳಿಯವನು, 7 ಅಡಿ 2 ಇಂಚು. 2015ರಲ್ಲಿ ಡಲ್ಲಾಸ್ ತಂಡ 52ನೆಯವನಾಗಿ ಆರಿಸಿದಾಗ, ಭಾರತದಲ್ಲಿ ಹುಟ್ಟಿ ಎನ್‌ಬಿಎ ಡ್ರಾಫ್ಟ್ ಕಂಡ ಮೊದಲಿಗನಾದ. ಎತ್ತರದಲ್ಲಿ ಒಂದಿಂಚೂ ತಕರಾರಿಲ್ಲ. ಆದರೆ ಎನ್‌ಬಿಎ ಋತುವಿನ ಒಂದು ಪಂದ್ಯವನ್ನೂ ಆಡಲಿಲ್ಲ. ಕೊನೆಗೆ ಅಮೆರಿಕದ ಟೀವಿ ಕುಸ್ತಿಗೆ ಇಳಿದ. ಇದನ್ನು ಕೇಳಿ ನಮ್ಮ ಗರಡಿಮನೆಯ ಹಿರಿಯರಿಗೆ ಬಲು ಸಂತೋಷವಾಯಿತು. "ಏಳಡಿ ಆಳ ಕಡೀಕೆ ಕುಸ್ತಿಗೇ ಬಂತು ನೋಡ್ರಿ. ಮೊದಲ ನಮ್ಮ ಕಡೆ ಕಳಿಸಿದ್ರ ಅಷ್ಟ ದೂರ ತಿರಗೂದು ತಪ್ಪತಿತ್ತು," ಎಂದರು. ಕಬಡ್ಡಿಯವರದು ಬೇರೆ ವಾದ: ಉದ್ದ ಕಾಲಿನವನ ಹರಡು ಹಿಡಿಯುವುದು ಸುಲಭ, ಗಿಡ್ಡ ಇದ್ದರೇ ಛಲೋ, ಹುಡುಗನನ್ನು ನಮಗೆ ಬಿಡಿ. ಹುಡುಗ ಇಬ್ಬರ ಮಾತಿಗೂ ತಲೆಯಾಡಿಸಿ ಮತ್ತೆ ರಿಂಗಿನ ಕೆಳಗೆ ಹೋಗಿ ನಿಂತ. ಶಿಸ್ತಿನ ಕಾಲಮ್ಮಿನಲ್ಲಿ ಅರ್ಧ ಅಂಕ ಕಡಿತ.

ಇಷ್ಟಾಗಿ ಪೇಟೆಯ ಧಾರಣೆ ಏನು? ನಮ್ಮ ದೇಶದಲ್ಲಿ 2015ರಲ್ಲಿ ಯುಬಿಎ ಎಂಬ ವೃತ್ತಿಪರ ಲೀಗ್ ಶುರುವಾಯಿತು, ಬೆಂಗಳೂರು ಬೀಸ್ಟ್ ಎಂಬ ತಂಡವೂ ಇತ್ತು, 2017ಕ್ಕೆ ನಿಂತುಹೋಯಿತು. ಹಾಗಾಗಿ ಇಲ್ಲಿ ವೃತ್ತಿಪರ ಬಾಸ್ಕೆಟ್‌ಬಾಲ್ ಎಂದರೆ ಬಹುಪಾಲು ಕ್ರೀಡಾ ಕೋಟಾದ ನೌಕರಿ: ರೈಲ್ವೆ, ಪೊಲೀಸ್, ಸೇನೆ, ಆದಾಯ ತೆರಿಗೆ. ದೇವರ ದಯದಿಂದ ನೈಋತ್ಯ ರೈಲ್ವೆಯ ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. 2023ರಲ್ಲಿ ಉದ್ಘಾಟನೆಯಾದ ಅಲ್ಲಿಯ ಪ್ಲಾಟ್‌ಫಾರ್ಮ್ 1,507 ಮೀಟರ್, ಜಗತ್ತಿನಲ್ಲೇ ಉದ್ದದ್ದು. 28 ಮೀಟರಿನ ಬಾಸ್ಕೆಟ್‌ಬಾಲ್ ಅಂಗಳಗಳನ್ನು ಉದ್ದುದ್ದಕ್ಕೆ ಜೋಡಿಸಿದರೆ 53 ಹಿಡಿಯುತ್ತವೆ. ಅಗಲ ಸಾಲುವುದಿಲ್ಲ ಎಂಬುದು ಬೇರೆ ಮಾತು. ರೈಲ್ವೆಯ ಕ್ರೀಡಾ ಕೋಟಾದಲ್ಲಿ ಮೈದಾನದ ಪರೀಕ್ಷೆಗೆ ಅಂಕವಿದೆ, ಹಿಂದಿನ ಸಾಧನೆಗೆ ಅಂಕವಿದೆ, ಓದಿಗೂ ಇದೆ. ಎತ್ತರಕ್ಕೆಂದು ಪ್ರತ್ಯೇಕ ಅಂಕವಿಲ್ಲ. ಹಲ್ಲಿಗೂ ಇಲ್ಲ. ತಜ್ಞರನ್ನು ಕೇಳದೆ ನಿಯಮ ಮಾಡಿದರೆ ಹೀಗೇ ಆಗುವುದು.

ಇದಿಷ್ಟನ್ನೂ ಓದಿ ಹೇಳಿದೆವು. ಸೋದರಮಾವ ಬಾರ್ಕ್ಲಿಗೂ ಮಿಸುಕಲಿಲ್ಲ, ಬೋಗ್ಸ್‌ಗೂ ಮಿಸುಕಲಿಲ್ಲ. ರೈಲ್ವೆ ಎಂದಾಗ ಮಾತ್ರ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಮನೆಯಲ್ಲಿ ಅವರ ಮಗಳು ಡಿಗ್ರಿ ಮುಗಿಸಿದ್ದಾಳೆಂಬುದು ನಮಗೆ ಆಗ ನೆನಪಾಯಿತು.

"ಅಲ್ರೀ ಕಾಕಾರ, ಟಿಕೀಟ ಕೊಡೂ ಕಿಟಕಿ ಹಿಂದ ಕುಂತ್ರ ಎತ್ತರ ಗೊತ್ತಾಗೂದಿಲ್ಲಲ್ರೀ?"

"ಗೊತ್ತಾಗೂದಿಲ್ಲ."

"ಹಂಗಂತ ಬರದ ಕೊಡ್ರಿ."

ಬರೆದು, ರುಜು ಹಾಕಿ ಕೊಟ್ಟೆವು.