ಮಲಗಿದ ಮುಳ್ಳಿನ ಮೀಮಾಂಸೆ

ಮೋರಿಸ್ ಆಕ್ಸ್‌ಫರ್ಡ್ ಕಾರಿನ ಮೂರನೆಯ ಸರಣಿಯನ್ನು ಅನುಸರಿಸಿ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರನ್ನು ಇಂದಿಗೂ ಸಾಕಿಕೊಂಡಿರುವವರಲ್ಲಿ ಎರಡು ಪಂಥಗಳುಂಟು: ಪೆಟ್ರೋಲ್ ಗೇಜಿನ ಮುಳ್ಳನ್ನು ನಂಬುವವರದು ಒಂದು, ಅದರ ಕಡೆ ನೋಡುವುದನ್ನೇ ಬಿಟ್ಟವರದು ಇನ್ನೊಂದು. ಮೊದಲನೆಯವರು ಆಗಾಗ ಹೆದ್ದಾರಿಯ ಬದಿಯಲ್ಲಿ ಖಾಲಿ ಕ್ಯಾನು ಹಿಡಿದು ನಿಂತಿರುತ್ತಾರಾದ್ದರಿಂದ ಅವರ ಸಂಖ್ಯೆ ಕ್ರಮೇಣ ಕ್ಷೀಣಿಸುತ್ತದೆ. ಎರಡನೆಯವರು ಕಾರಿನ ಹಿಂಭಾಗಕ್ಕೆ ಸೊಂಟ ಕೊಟ್ಟು ಅಲುಗಿಸಿ, ಟ್ಯಾಂಕಿನೊಳಗಿನ ಕುಲುಕಾಟಕ್ಕೆ ಕಿವಿಗೊಟ್ಟು, ಇಂತಿಷ್ಟು ಲೀಟರು ಇದೆಯೆಂದು ಘೋಷಿಸುವ ಶ್ರವಣವಿದ್ಯೆಯನ್ನು ಬೆಳೆಸಿಕೊಂಡಿರುತ್ತಾರೆ. ಈ ವಿದ್ಯೆಯ ಫಲಿತಾಂಶವು ಪೆಟ್ರೋಲಿನ ಪ್ರಮಾಣಕ್ಕಿಂತ ಮಾಲೀಕನ ಜೇಬಿನ ಸ್ಥಿತಿಯನ್ನೇ ಹೆಚ್ಚಾಗಿ ಅವಲಂಬಿಸುವುದು ಕಂಡುಬಂದಿದೆ.

ಇಷ್ಟೆಲ್ಲ ಸಾಹಸಕ್ಕೆ ಕಾರಣವಾದ ಯಂತ್ರವಾದರೋ ಬಹಳ ಸರಳವಾದುದು. ಟ್ಯಾಂಕಿನೊಳಗೆ ಪೆಟ್ರೋಲಿನ ಮೇಲೆ ತೇಲುವ ಒಂದು ಟೊಳ್ಳು ಬುರುಡೆ, ಅಂದರೆ ಫ್ಲೋಟು, ಇರುತ್ತದೆ. ಅದಕ್ಕೆ ಜೋಡಿಸಿದ ಕಡ್ಡಿಯು ಮೇಲೆ ಕೆಳಗೆ ಆಡಿದಂತೆಲ್ಲ, ಮೆಕ್ಯಾನಿಕ್‌ಗಳು ಟ್ಯಾಂಕ್ ಯೂನಿಟ್ ಎಂದು ಕರೆಯುವ ಭಾಗದಲ್ಲಿ ಸುತ್ತಿರುವ ತಂತಿಯ ಮೇಲೆ ಒಂದು ಲೋಹದ ನಾಲಗೆ ಜಾರಿ, ವಿದ್ಯುತ್ತಿಗೆ ಒದಗುವ ತಡೆಯನ್ನು ಹೆಚ್ಚು ಕಡಿಮೆ ಮಾಡುತ್ತದೆ. 1960ರ ದಶಕದಲ್ಲಿ ಬ್ರಿಟಿಷ್ ಕಾರುಗಳಲ್ಲಿ ರೂಢಿಗೆ ಬಂದ ಗೇಜುಗಳಲ್ಲಿ ಈ ವಿದ್ಯುತ್ತು, ಎರಡು ಲೋಹಗಳನ್ನು ಬೆಸೆದು ಮಾಡಿದ ಪಟ್ಟಿಯೊಂದನ್ನು ಬಿಸಿ ಮಾಡುತ್ತದೆ. ಪಟ್ಟಿ ಬಾಗಿದಷ್ಟು ಮುಳ್ಳು ಏಳುತ್ತದೆ. ಕೀ ತಿರುಗಿಸಿದ ಮೇಲೆ ಮುಳ್ಳು ಆಕಳಿಸುತ್ತ ನಿಧಾನವಾಗಿ ಏಳುವುದಕ್ಕೆ ಇದೇ ಕಾರಣವಾಗಿದ್ದು, ಈ ಸೋಮಾರಿತನದಿಂದಾಗಿಯೇ ಗುಂಡಿಬಿದ್ದ ರಸ್ತೆಯಲ್ಲೂ ಅದು ಕುಣಿಯುವುದಿಲ್ಲ.

ಮುಳ್ಳು ಮಲಗಿತೆಂದರೆ ಮಾಲೀಕನು ಕೈಗೊಳ್ಳುವ ಪ್ರಥಮ ಚಿಕಿತ್ಸೆ ಗಾಜಿನ ಮೇಲೆ ಬೆರಳಿನಿಂದ ತಟ್ಟುವುದು. ಎರಡನೆಯದು ಇನ್ನೂ ಜೋರಾಗಿ ತಟ್ಟುವುದು. ಅನುಭವಿ ಮೆಕ್ಯಾನಿಕ್ ಗಾಜನ್ನು ಮುಟ್ಟದೆ ನೇರವಾಗಿ ಹಿಂದಕ್ಕೆ ಹೋಗಿ, ಟ್ಯಾಂಕ್ ಯೂನಿಟ್ಟಿನ ತಂತಿಯನ್ನು ಬಿಚ್ಚಿ, ಕೀ ಆನ್ ಮಾಡಿಸಿ, ಪೆಟ್ರೋಲಿನ ಆವಿಯಿಂದ ದೂರದಲ್ಲಿ ಅದನ್ನು ಕಾರಿನ ಬಾಡಿಗೆ ಕ್ಷಣಕಾಲ ತಾಗಿಸುತ್ತಾನೆ. ಈ ಬಗೆಯ ಗೇಜಿನಲ್ಲಿ ಆಗ ಮುಳ್ಳು ತುಂಬಿದ ಗುರುತಿನತ್ತ ಏಳಬೇಕು. ಎದ್ದರೆ ಗೇಜೂ ತಂತಿಯೂ ನಿರಪರಾಧಿಗಳು, ದೋಷ ಟ್ಯಾಂಕಿನ ಕಡೆಗಿದೆ. ಪೆಟ್ರೋಲಿನ ಮುಳ್ಳಿನ ಜೊತೆಗೆ ಎಂಜಿನ್ ಬಿಸಿಯನ್ನು ತೋರಿಸುವ ಮುಳ್ಳೂ ಹುಚ್ಚಾಟ ಆಡುತ್ತಿದ್ದರೆ, ಎರಡಕ್ಕೂ ಸುಮಾರು 10 ವೋಲ್ಟಿನಷ್ಟು ಸಮನಾದ ವಿದ್ಯುತ್ತನ್ನು ಹಂಚುವ ಸ್ಟೆಬಿಲೈಸರ್ ಎಂಬ ಪುಟ್ಟ ಡಬ್ಬಿಯನ್ನು ಸಂಶಯಿಸಬೇಕು. ಆದರೆ ಬಹುಪಾಲು ಪ್ರಕರಣಗಳಲ್ಲಿ ಅಪರಾಧಿ ಇವರಾರೂ ಅಲ್ಲ. ಟ್ಯಾಂಕಿಗೂ ಬಾಡಿಗೂ ನಡುವೆ ಕೂತ ತುಕ್ಕಿನಿಂದ ಅರ್ತ್, ಅಂದರೆ ವಿದ್ಯುತ್ತು ಬ್ಯಾಟರಿಗೆ ಮರಳುವ ದಾರಿ, ತಪ್ಪಿಹೋಗಿರುತ್ತದೆ. ಮರಳುಕಾಗದದಿಂದ ಉಜ್ಜಿ ಒಂದು ತುಂಡು ತಂತಿ ಕಟ್ಟಿದರೆ ಮುಗಿಯುವ ಈ ರೋಗಕ್ಕೆ ಹೊಸ ಗೇಜು ಕೊಂಡವರೂ, ಆ ಹೊಸ ಗೇಜೂ ಸರಿಯಿಲ್ಲವೆಂದು ಅಂಗಡಿಯವನೊಡನೆ ಜಗಳವಾಡಿದವರೂ ಇದ್ದಾರೆ.

ಫ್ಲೋಟು ತೂತಾಗಿದ್ದರೆ ಮಾತ್ರ ಸಂಗತಿ ಗಂಭೀರ. ತೇಲಬೇಕಾದ ಹಿತ್ತಾಳೆಯ ಬುರುಡೆ ತಾನೇ ಪೆಟ್ರೋಲು ಕುಡಿದು ತಳ ಸೇರಿ, ತುಂಬಿದ ಟ್ಯಾಂಕಿನ ಅಡಿಯಲ್ಲಿ ಕುಳಿತು ಖಾಲಿಯೆಂದು ಸಾರುತ್ತಿರುತ್ತದೆ. ಅದನ್ನು ಹೊರತೆಗೆದು ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆಗಳು ಎದ್ದು ತೂತನ್ನು ತೋರಿಸಿಕೊಡುತ್ತವೆ. ಒಳಗಿನ ಪೆಟ್ರೋಲೂ ಅದರ ಆವಿಯೂ ಪೂರ್ತಿ ಹೋಗುವ ಮುನ್ನ ಬೆಸುಗೆ ಹಾಕಲು ಹೊರಟವರಿಗೆ ಆಮೇಲೆ ಗೇಜಿನ ಚಿಂತೆ ಉಳಿಯಲಾರದು.

ಎಲ್ಲವನ್ನೂ ಮರಳಿ ಜೋಡಿಸುವಾಗ ಜಾಣ ಮೆಕ್ಯಾನಿಕ್ ಫ್ಲೋಟಿನ ಕಡ್ಡಿಯನ್ನು ಕೂದಲೆಳೆಯಷ್ಟು ಬಗ್ಗಿಸಿ, ಟ್ಯಾಂಕಿನಲ್ಲಿ ಕೆಲವು ಲೀಟರು ಉಳಿದಿರುವಾಗಲೇ ಮುಳ್ಳು ಖಾಲಿಯೆಂದು ಹೇಳುವಂತೆ ಮಾಡುತ್ತಾನೆ. ಇದು ಮಾಲೀಕನ ಹಿತಕ್ಕಾಗಿಯೇ ಮಾಡಿದ ಸುಳ್ಳಾದ್ದರಿಂದ ಗುಟ್ಟಾಗಿಯೇ ಇರತಕ್ಕದ್ದು. ಆದರೆ ಬಿಲ್ಲಿನ ಮೊತ್ತವನ್ನು ಸಮರ್ಥಿಸುವ ಭರದಲ್ಲಿ ಮೆಕ್ಯಾನಿಕ್ ಅದನ್ನು ಹೇಳಿಬಿಡುತ್ತಾನೆ, ಮತ್ತು ಅಂದು ಸಂಜೆಯೇ ಮಾಲೀಕನು ಮುಳ್ಳು ಖಾಲಿಯ ಗುರುತನ್ನು ಮುಟ್ಟಿದ್ದರೂ ನಿಶ್ಚಿಂತೆಯಿಂದ ಮೂರು ಪೆಟ್ರೋಲ್ ಬಂಕುಗಳನ್ನು ದಾಟಿ ಹೋಗುತ್ತಾನೆ.